ಕಾದ ಮಹಡಿ, ಸೋರುವ ಸಂದು: ಯಾರ ಬಿಲ್ಲಿಗೂ ಸೇರದ ಕೆಲಸ

ಮೂವತ್ತು-ನಲವತ್ತರ ನಿವೇಶನದಲ್ಲಿ ಸ್ವಂತ ಮನೆ ಕಟ್ಟಿಸುವ ಗೃಹಸ್ಥನು ಸಿಮೆಂಟನ್ನು ಒಬ್ಬ ವರ್ತಕರಿಂದ, ಕಬ್ಬಿಣವನ್ನು ಇನ್ನೊಬ್ಬರಿಂದ, ಬ್ಲಾಕುಗಳನ್ನು ಮತ್ತೊಬ್ಬರಿಂದ ಕೊಳ್ಳುತ್ತಾನೆ. ಗೋಡೆ, ಗಾರೆ ಮೇಸ್ತ್ರಿಯ ಪಾಲು. ಕಿಟಕಿಗಳನ್ನು ಚದರಡಿಯ ದರದಲ್ಲಿ ಫ್ಯಾಬ್ರಿಕೇಟರ್‌ಗೆ ಒಪ್ಪಿಸಲಾಗುತ್ತದೆ. ಗೃಹಪ್ರವೇಶವಾಗಿ ಮೊದಲ ಬೇಸಗೆ ಬಂದಾಗ ಮೇಲಿನ ಮಹಡಿಯ ಮಲಗುವ ಕೋಣೆಯಲ್ಲಿ ನಿದ್ದೆ ಬಾರದೆ ಅದೇ ಗೃಹಸ್ಥನು ಹವಾನಿಯಂತ್ರಕದ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಅಲ್ಲಿ ಕೋಣೆಯ ಉದ್ದಗಲ ಕೇಳಿ, ಮೇಲೆ ತಾರಸಿ ಇದೆಯೆಂದು ತಿಳಿದೊಡನೆ ಒಂದು ಟನ್ನಿನ ಬದಲು ಒಂದೂವರೆ ಟನ್ನಿನ ಯಂತ್ರವನ್ನು ಸೂಚಿಸಲಾಗುತ್ತದೆ. ಇಷ್ಟು ಮಂದಿ ಕೊಟ್ಟ ಬಿಲ್ಲುಗಳನ್ನು ಒಟ್ಟಿಗೆ ಹರಡಿ ನೋಡಿದರೆ ಎರಡು ಬಾಬುಗಳು ಎಲ್ಲಿಯೂ ಕಾಣುವುದಿಲ್ಲ. ಒಂದು, ತಾರಸಿಯ ಶಾಖ ಕೆಳಗಿನ ಕೋಣೆಗೆ ಇಳಿಯದಂತೆ ತಡೆಯುವ ಕೆಲಸ. ಇನ್ನೊಂದು, ಚೌಕಟ್ಟಿಗೂ ಗೋಡೆಗೂ, ಮಹಡಿಗೂ ಮಹಡಿಗೂ ನಡುವೆ ಗಾಳಿ ನುಸುಳುವ ಸಂದುಗಳನ್ನು ಮುಚ್ಚುವ ಕೆಲಸ.

ಈ ಎರಡು ಕೆಲಸಗಳು ಯಾರ ವ್ಯಾಪಾರಕ್ಕೂ ಸೇರದೆ ಉಳಿದಿರುವುದೇ ಇಂದಿನ ಮನೆಗಳ ದೊಡ್ಡ ಕೊರತೆ. ಅವುಗಳನ್ನು ವಹಿಸಿಕೊಳ್ಳಬೇಕಾದವರು ಸರಕಾರವೂ ಅಲ್ಲ, ದೊಡ್ಡ ಕಂಪೆನಿಗಳೂ ಅಲ್ಲ. ಮನೆ ಕಟ್ಟುವವನೊಡನೆ ನಿತ್ಯ ವ್ಯವಹರಿಸುವ ವರ್ತಕರು ಮತ್ತು ಸಣ್ಣ ತಯಾರಕರು.

ಮೊದಲು ಶಾಖದ ಲೆಕ್ಕ. 120 ಚದರಡಿಯ ಕೋಣೆಯೊಂದರ ಮೇಲಿನ ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬಿನ ತೂಕ ಮೂರು ಟನ್ನಿಗೂ ಹೆಚ್ಚು. ಹಗಲೆಲ್ಲ ಬಿಸಿಲು ಕುಡಿದ ಈ ಮೂರು ಟನ್ ಕಲ್ಲು ತನ್ನ ಶಾಖವನ್ನು ಕೆಳಕ್ಕೆ ಬಿಡುವ ವೇಳೆ ಸಂಜೆಯಿಂದ ಮೊದಲಾಗಿ ಮಲಗುವ ಹೊತ್ತನ್ನು ದಾಟುತ್ತದೆ. ಹೊರಗೆ ತಂಗಾಳಿ ಬೀಸುತ್ತಿರುವಾಗಲೇ ಒಳಗೆ ಬೇಯುವ ಬೆಂಗಳೂರಿನ ಮನೆಗಳ ಒಗಟು ಇದೇ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಉಷ್ಣಾಂಶ ದಾಖಲಾದ ಮೇಲಂತೂ ತಂಪು ನಗರವೆಂಬ ಸಮಾಧಾನಕ್ಕೆ ಅರ್ಥವಿಲ್ಲದಾಗಿದೆ. ಕಲಬುರಗಿ, ರಾಯಚೂರು, ಬಳ್ಳಾರಿಗಳ ಮಾತನ್ನು ಹೇಳಬೇಕಾಗಿಯೇ ಇಲ್ಲ.

ಶಾಖನಿರೋಧಕವಿಲ್ಲದ ಸ್ಲ್ಯಾಬು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ ಮೂರೂವರೆ ವ್ಯಾಟ್‌ನಷ್ಟು ಶಾಖವನ್ನು ಒಳಕ್ಕೆ ಬಿಡುತ್ತದೆಂದು ಹಿಡಿಯಬಹುದು. ತಾರಸಿಯ ಮೇಲ್ಮೈಗೂ ಕೋಣೆಯ ಗಾಳಿಗೂ 20 ಡಿಗ್ರಿ ಅಂತರವಿದ್ದಾಗ 120 ಚದರಡಿಗೆ ಇದು 770 ವ್ಯಾಟ್ ಆಗುತ್ತದೆ. ಒಂದು ಟನ್ ಎಂದರೆ 3,517 ವ್ಯಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಅದರ ಐದನೆಯ ಒಂದು ಭಾಗಕ್ಕೂ ಮಿಗಿಲಾದ ಪಾಲನ್ನು ತಾರಸಿಯೊಂದೇ ನುಂಗುತ್ತದೆ. ಥರ್ಮಾಕೋಲ್ ಜಾತಿಯದೇ ಆದರೂ ಹೆಚ್ಚು ಗಟ್ಟಿಯಾದ ಎಕ್ಸ್‌ಪಿಎಸ್ ಹಲಗೆಯನ್ನು ಒಂದೇ ಇಂಚು ದಪ್ಪದಲ್ಲಿ ಸ್ಲ್ಯಾಬಿನ ಮೇಲೆ ಹಾಸಿ, ಅದರ ಮೇಲೆ ಗಾರೆ ಮತ್ತು ಹೆಂಚು ಕೂರಿಸಿದರೆ ಅದೇ 770 ವ್ಯಾಟ್ 200ರ ಆಸುಪಾಸಿಗೆ ಇಳಿಯುತ್ತದೆ.

ಇಲ್ಲಿ ವರ್ತಕರು ಒಂದು ಪ್ರಲೋಭನೆಯಿಂದ ದೂರವಿರಬೇಕು. ಉಳಿಯುವ ಈ 570 ವ್ಯಾಟ್ ಶಾಖದ ಲೆಕ್ಕವೇ ಹೊರತು ವಿದ್ಯುತ್ತಿನ ಲೆಕ್ಕವಲ್ಲ. ಇಂದಿನ ಉತ್ತಮ ಯಂತ್ರಗಳು ಒಂದು ವ್ಯಾಟ್ ವಿದ್ಯುತ್ತಿಗೆ ಮೂರಕ್ಕೂ ಹೆಚ್ಚು ವ್ಯಾಟ್ ಶಾಖವನ್ನು ಹೊರಹಾಕುವುದರಿಂದ ಒಂದು ಕೋಣೆಯಲ್ಲಿ ಒಂದು ರಾತ್ರಿಗೆ ಉಳಿಯುವುದು ಹೆಚ್ಚೆಂದರೆ ಒಂದು ಯೂನಿಟ್ಟಿನ ಆಸುಪಾಸು. ವಿದ್ಯುತ್ ಬಿಲ್ಲು ಅರ್ಧಕ್ಕಿಳಿಯುತ್ತದೆ ಎಂದು ಹೇಳಿ ತಾರಸಿಯ ಹಲಗೆ ಮಾರಿದವರು ಮರುವರ್ಷ ಅದೇ ಬಡಾವಣೆಯಲ್ಲಿ ಮುಖ ತೋರಿಸುವುದು ಕಷ್ಟ. ಮಾರಬೇಕಾದದ್ದು ನಿದ್ದೆಯನ್ನು, ಯಂತ್ರವಿಲ್ಲದೆಯೂ ಮಲಗಬಹುದಾದ ಮಾರ್ಚಿಯ ರಾತ್ರಿಗಳನ್ನು, ಒಂದೂವರೆ ಟನ್ನಿನ ಬದಲು ಒಂದು ಟನ್ನಿನಲ್ಲಿ ಮುಗಿಯುವ ಖರ್ಚನ್ನು. ಇವು ಸತ್ಯವಾದ ಮಾತುಗಳು, ಮಾರಾಟಕ್ಕೆ ಇವೇ ಸಾಕು.

ಅಂದಹಾಗೆ, ತಾರಸಿಗೆ ಬಿಳಿ ಸುಣ್ಣ ಬಳಿಯುವ ಹಳೆಯ ಪದ್ಧತಿಯೂ ಗಣನೀಯವಾದ ತಂಪನ್ನು ಕೊಡುತ್ತದೆ. ದುಬಾರಿ ಡಬ್ಬದ ಬಣ್ಣ ಮಾರುವ ಭರದಲ್ಲಿ ಇದನ್ನು ಮರೆಮಾಚುವುದು ಸರಿಯಲ್ಲ. ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಡಬ್ಬದ ಬಣ್ಣ ಹೆಚ್ಚು ಕಾಲ ನಿಲ್ಲುತ್ತದೆ ಎಂಬ ವ್ಯತ್ಯಾಸವನ್ನು ತಿಳಿಸಿದರೆ ಗ್ರಾಹಕನೇ ಆಯ್ದುಕೊಳ್ಳುತ್ತಾನೆ. ಸ್ಲ್ಯಾಬಿನ ಕೆಳಗೆ ಜಿಪ್ಸಂ ಫಾಲ್ಸ್ ಸೀಲಿಂಗ್ ಹಾಕಿಸಿದರೆ ತಾರಸಿಯ ಶಾಖ ನಿಂತುಹೋಗುತ್ತದೆಂಬ ನಂಬಿಕೆಯಾದರೋ ಬಹುಮಟ್ಟಿಗೆ ಭ್ರಮೆ. ಕಾಂಕ್ರೀಟು ಹಗಲಿಡೀ ಕಾಯುವುದು ಅದರಿಂದ ತಪ್ಪುವುದಿಲ್ಲ.

ಬಾಗಲಕೋಟೆ, ವಿಜಯಪುರದ ಕಡೆಯ ಮಣ್ಣಿನ ಮಾಳಿಗೆಗಳಿಗೂ ಕರಾವಳಿಯ ಹೆಂಚಿನ ಮಾಡಿಗೂ ಈ ಸಮಸ್ಯೆ ಇರಲಿಲ್ಲ. ಮಣ್ಣಿನ ದಪ್ಪ ಶಾಖವನ್ನು ತಡೆಯುತ್ತಿತ್ತು. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ತಾನಾಗಿ ಹೊರಟುಹೋಗುತ್ತಿತ್ತು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಆ ಮಾಡು ಒಂದು ದೊಡ್ಡ ಉದ್ಯಮವನ್ನೇ ಸಾಕಿತು. ಕಾಂಕ್ರೀಟ್ ಬಂದಾಗ ಮಾಡು ಬದಲಾಯಿತು. ಮಾಡು ಮಾಡುತ್ತಿದ್ದ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ.

ಇನ್ನು ಸಂದುಗಳ ವಿಚಾರ. ಚಳಿಯ ದೇಶಗಳಲ್ಲಿ ಇದೊಂದು ಶಾಸ್ತ್ರವಾಗಿಯೇ ಬೆಳೆದಿದೆ. ಇಂಗ್ಲೆಂಡಿನ ಕಟ್ಟಡ ನಿಯಮಗಳು 2006ರಿಂದ ಹೊಸ ಮನೆಗಳಿಗೆ ಗಾಳಿ ಒತ್ತಡದ ಪರೀಕ್ಷೆಯನ್ನು ತಂದವು. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ಅಂತರ ಉಂಟುಮಾಡಿ, ಮನೆಯ ಹೊರಮೈಯ ಪ್ರತಿ ಚದರ ಮೀಟರಿನಿಂದ ಗಂಟೆಗೆ ಎಷ್ಟು ಘನಮೀಟರ್ ಗಾಳಿ ಸೋರುತ್ತದೆಂದು ಅಳೆಯುತ್ತಾರೆ. ಆಗ ಮಿತಿ 10 ಇತ್ತು. 2022ರ ಜೂನ್‌ನಿಂದ ಜಾರಿಗೆ ಬಂದ ನಿಯಮಗಳಲ್ಲಿ ಅದು 8ಕ್ಕೆ ಇಳಿದಿದೆ. ಅಲ್ಲಿ ಸ್ವಂತವಾಗಿ ಇಟ್ಟಿಗೆ-ಬ್ಲಾಕಿನ ಮನೆ ಕಟ್ಟಿಸುವವರನ್ನು ಬಹಳವಾಗಿ ಕಾಡುವುದು ಎರಡು ಮಹಡಿಗಳ ನಡುವಿನ ಜಾಗ. ಮರದ ತೊಲೆಗಳು ಗೋಡೆಯೊಳಕ್ಕೆ ಹೊಕ್ಕ ಕಡೆಯಲ್ಲೆಲ್ಲ ಸಂದು ಬಿಡುತ್ತದೆ. ಗಾರೆಯ ಬದಲು ಗೋಡೆಗೆ ಅಲ್ಲಲ್ಲಿ ಅಂಟಿಸಿದ ಪ್ಲಾಸ್ಟರ್‌ಬೋರ್ಡಿನ ಹಿಂದೆ ಗಾಳಿ ನೆಲಮಹಡಿಯಿಂದ ಮಾಡಿನವರೆಗೆ ಓಡಾಡುತ್ತದೆ. ಕಾಯಿಸಿದ ಗಾಳಿ ಹೀಗೆ ಗೋಡೆಯ ಬೆನ್ನಿನಿಂದಲೇ ಹೊರಹೋಗುತ್ತದೆ.

ಕರ್ನಾಟಕದ ಮನೆಯ ದೇಹರಚನೆ ಬೇರೆ. ಇಲ್ಲಿ ಮಹಡಿಗಳ ನಡುವೆ ಇರುವುದು ಪೊಳ್ಳು ಮರದ ಅಂಕಣವಲ್ಲ, ಒಂದೇ ಎರಕದ ಕಾಂಕ್ರೀಟು. ಗೋಡೆಯ ಎರಡೂ ಮೈಗೆ ಸಿಮೆಂಟ್ ಗಾರೆ ಇರುತ್ತದೆ. ಗಾಳಿಯನ್ನು ತಡೆಯಲು ಅದಕ್ಕಿಂತ ಒಳ್ಳೆಯ ಪದರ ಬೇಕಿಲ್ಲ. ಆದುದರಿಂದ ಯೂರೋಪಿನಿಂದ ಟೇಪು, ಪರೆಗಳನ್ನು ತರಿಸಿ ಗೋಡೆಗೆಲ್ಲ ಸುತ್ತಿಸುವ ವ್ಯಾಪಾರಕ್ಕೆ ಇಲ್ಲಿ ಆಧಾರವಿಲ್ಲ. ಗಾರೆ ನಿಂತ ಕಡೆಯಲ್ಲಿಯೇ ಸೋರಿಕೆ ಆರಂಭವಾಗುತ್ತದೆ. ಫಾಲ್ಸ್ ಸೀಲಿಂಗಿನ ಮೇಲ್ಗಡೆ ಯಾರಿಗೂ ಕಾಣದೆಂದು ಗಾರೆ ಮಾಡದೆ ಬಿಟ್ಟ ಗೋಡೆ, ಅಂದಕ್ಕಾಗಿ ಗಾರೆಯಿಲ್ಲದೆ ಬಿಟ್ಟ ಪೊಳ್ಳು ಬ್ಲಾಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಬಾಗಿಲು, ಕಿಟಕಿ, ಕೊಳವೆಯ ತೂತುಗಳು. ಹಿಂದೆ ಹೊನ್ನೆ, ತೇಗದ ಚೌಕಟ್ಟುಗಳನ್ನು ಗೋಡೆ ಏಳುವಾಗಲೇ ಹೋಲ್ಡ್‌ಫಾಸ್ಟ್ ಸಹಿತ ಕಟ್ಟಡದೊಳಗೆ ಕಟ್ಟುತ್ತಿದ್ದರು. ಈಗ ಗಾರೆಯೆಲ್ಲ ಮುಗಿದ ಮೇಲೆ ಅಲ್ಯುಮಿನಿಯಂ ಅಥವಾ ಯುಪಿವಿಸಿ ಚೌಕಟ್ಟನ್ನು ತಂದು ಸ್ಕ್ರೂ ಬಿಗಿಯುತ್ತಾರೆ. ಸುತ್ತ ಉಳಿಯುವ ಸಂದಿಗೆ ಸಿಲಿಕೋನಿನ ಒಂದು ಗೆರೆ ಎಳೆದರೆ ಕೆಲಸ ಮುಗಿಯಿತು. ಮೇಸ್ತ್ರಿ ಅದನ್ನು ಫ್ಯಾಬ್ರಿಕೇಟರ್‌ನ ಕೆಲಸ ಎನ್ನುತ್ತಾನೆ, ಫ್ಯಾಬ್ರಿಕೇಟರ್ ಮೇಸ್ತ್ರಿಯ ಕೆಲಸ ಎನ್ನುತ್ತಾನೆ.

ಸಣ್ಣ ಸಂದು ಎಂದು ಅಲಕ್ಷಿಸುವಂತಿಲ್ಲ. ಮೂರು ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲಿನ ಸುತ್ತಳತೆ ಸುಮಾರು ಆರು ಮೀಟರ್. ಸುತ್ತಲೂ ಮೂರೇ ಮಿಲಿಮೀಟರ್ ಸಂದು ಇದ್ದರೆ ಒಟ್ಟು 180 ಚದರ ಸೆಂಟಿಮೀಟರ್ ಆಯಿತು. ಗೋಡೆಯಲ್ಲಿ ಐದಿಂಚಿಗೂ ತುಸು ಹೆಚ್ಚಿನ ಚೌಕದ ಕಿಂಡಿ ಕೊರೆದಷ್ಟು. ಮಾರುಕಟ್ಟೆಯಲ್ಲಿ ಹೆಚ್ಚು ಬೇಡಿಕೆಯಿರುವ ಸ್ಲೈಡಿಂಗ್ ಕಿಟಕಿಯ ಬದಿಗಳಲ್ಲಿ ಇರುವುದು ಬ್ರಷ್ ಪಟ್ಟಿ. ಅದು ಧೂಳನ್ನು ಒಂದಿಷ್ಟು ತಡೆದೀತು, ಗಾಳಿಯನ್ನು ಪೂರ್ತಿ ತಡೆಯಲಾರದು. ಕೀಲಿನ ಮೇಲೆ ತೆರೆದು ಮುಚ್ಚುವ ಕಿಟಕಿಯಾದರೆ ರಬ್ಬರ್ ಪಟ್ಟಿಯನ್ನು ಅದುಮಿ ಕೂರುತ್ತದೆ. ಸೊಳ್ಳೆಪರದೆಯ ಅನುಕೂಲಕ್ಕೆ ಮೂರು ಟ್ರ್ಯಾಕಿನ ಸ್ಲೈಡಿಂಗನ್ನೇ ಮನೆಯುದ್ದಕ್ಕೂ ಹಾಕಿಸುವ ಗ್ರಾಹಕನಿಗೆ, ಹವಾನಿಯಂತ್ರಕ ಬರುವ ಕೋಣೆಗೆ ಮಾತ್ರವಾದರೂ ಕೀಲಿನ ಕಿಟಕಿ ಇರಲಿ ಎಂದು ಹೇಳುವ ಫ್ಯಾಬ್ರಿಕೇಟರ್‌ಗಳು ವಿರಳ.

ಎರಡು ಮಹಡಿಗಳ ನಡುವೆ ಗಾಳಿ ಹಾಯುವ ಹೆದ್ದಾರಿ ಮೆಟ್ಟಿಲು. ಡ್ಯೂಪ್ಲೆಕ್ಸ್ ಮನೆಗಳಲ್ಲಿ ಮೆಟ್ಟಿಲು ಹಾಲ್‌ನಿಂದಲೇ ತೆರೆದುಕೊಂಡು ತಾರಸಿಯ ಹೆಡ್‌ರೂಮ್‌ವರೆಗೆ ಏರುತ್ತದೆ. ಆ ಹೆಡ್‌ರೂಮಿನ ತಗಡಿನ ಬಾಗಿಲಿನ ಅಡಿಯಲ್ಲಿ ಬೆಕ್ಕು ನುಸುಳುವಷ್ಟು ಜಾಗವಿದ್ದರೂ ಯಾರೂ ಕೇಳುವುದಿಲ್ಲ. ರಾತ್ರಿ ಹೊರಗೆ ತಂಪಾದಾಗ ಒಳಗಿನ ಬಿಸಿಗಾಳಿ ಈ ಚಿಮಣಿಯಲ್ಲಿ ಮೇಲೇರಿ ಹೊರಹೋಗುತ್ತದೆ, ಅದು ಒಳ್ಳೆಯದೇ. ಹಗಲು ಅದೇ ದಾರಿ ತಿರುವುಮುರುವಾಗುತ್ತದೆ. ಒಳಗಿನ ತಂಪು ಗಾಳಿ ಭಾರವಾಗಿ ನೆಲಮಹಡಿಯ ಸಂದುಗಳಿಂದ ಹೊರಗೆ ಜಾರುತ್ತದೆ, ಅದರ ಜಾಗಕ್ಕೆ ಕಾದ ತಾರಸಿಯ ಗಾಳಿ ಹೆಡ್‌ರೂಮಿನಿಂದ ಇಳಿಯುತ್ತದೆ. ಮೇಲಿನ ಕೋಣೆಯಲ್ಲಿ ಹವಾನಿಯಂತ್ರಕ ಓಡುತ್ತಿದ್ದರೆ ಬಾಗಿಲಿನ ಅಡಿಯ ಅರ್ಧ ಇಂಚಿನಿಂದ ತಂಪು ಮೆಟ್ಟಿಲಿಳಿದು ಯಾರೂ ಇಲ್ಲದ ಹಾಲನ್ನು ತಣಿಸುತ್ತದೆ. ಆದ್ದರಿಂದ ಹೆಡ್‌ರೂಮಿಗೆ ಬೇಕಾದದ್ದು ಶಾಶ್ವತವಾಗಿ ಮುಚ್ಚಿದ ಗೋಡೆಯಲ್ಲ. ಹಗಲು ಬಿಗಿಯಾಗಿ ಮುಚ್ಚಿ ರಾತ್ರಿ ಅಗಲವಾಗಿ ತೆರೆಯಬಲ್ಲ, ಮಳೆ ಒಳಬಾರದ, ಕಳ್ಳ ನುಸುಳದ ಒಂದು ಗವಾಕ್ಷಿ. ಇಂಥ ಒಂದು ಸಿದ್ಧ ವಸ್ತುವಿಗೆ ಬೇಡಿಕೆ ಹುಟ್ಟಿಸುವುದು ಪೀಣ್ಯದ ಒಂದು ಸಣ್ಣ ಘಟಕಕ್ಕೆ ಅಸಾಧ್ಯವೇನಲ್ಲ.

ಕರಾವಳಿಯಲ್ಲಿ ಸಂದಿನಿಂದ ಬರುವುದು ಶಾಖಕ್ಕಿಂತ ಹೆಚ್ಚಾಗಿ ತೇವ. ಮೇಲಿನ ಕೋಣೆಯನ್ನು 18 ಡಿಗ್ರಿಗೆ ಇಳಿಸಿ ಮಲಗುವವರ ಮನೆಯಲ್ಲಿ ಕೆಳಗಿನ ಕೋಣೆಯ ಸೀಲಿಂಗು ಬೆವರಿ ಬೂಸರು ಹಿಡಿಯಲು ಅವಕಾಶವಿದೆ. ನೀರಿನ ಕೊಳವೆ ಒಡೆದಿದೆಯೆಂದು ನೆಲ ಅಗೆಸುವ ಮೊದಲು ಯಂತ್ರದ ಅಂಕಿಯನ್ನು ನೋಡುವುದು ಲೇಸು. ತಯಾರಾಗಿ ಬರುವ ಯಂತ್ರಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮ 2020ರ ಜನವರಿ 1ರಿಂದ ಇದೆ. ಅದನ್ನು ಅಲ್ಲಿಯೇ ಬಿಡಿರೆಂದು ಹೇಳುವುದರಿಂದ ಅಂಗಡಿಯವರಿಗೆ ನಷ್ಟವೇನೂ ಇಲ್ಲ.

ಸಂದು ಮುಚ್ಚುವ ವ್ಯಾಪಾರಕ್ಕೆ ಇಳಿಯುವವರು ಮೊದಲು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಇದು ಲಾಭ-ನಷ್ಟದ ಮಾತಲ್ಲ, ಪ್ರಾಣದ ಮಾತು. ಮಲೆನಾಡಿನ ಹಳೆಯ ಮನೆಗಳಲ್ಲಿ ಹಂಡೆಯ ಒಲೆ ಬಚ್ಚಲಿನಲ್ಲಿತ್ತು. ಬಚ್ಚಲು ಮನೆಯ ಅಂಚಿನಲ್ಲಿ, ಹೊಗೆ ಹೆಂಚಿನ ಸಂದಿನಲ್ಲಿ ಹೋಗುವಂತೆ ಇರುತ್ತಿತ್ತು. ಇಂದು ಅದೇ ಬೆಂಕಿ ಗ್ಯಾಸ್ ಗೀಸರ್‌ನ ರೂಪದಲ್ಲಿ ನಾಲ್ಕು ಅಡಿ ಅಗಲ, ಏಳು ಅಡಿ ಉದ್ದದ ಮುಚ್ಚಿದ ಗೂಡಿನೊಳಗೆ ಉರಿಯುತ್ತಿದೆ. ಅಂಥ ಬಚ್ಚಲಿನಲ್ಲಿರುವ ಗಾಳಿ ಏಳು ಘನಮೀಟರಿನಷ್ಟು. ಒಂದು ಕಿಲೋ ಅಡುಗೆ ಅನಿಲ ಸರಿಯಾಗಿ ಉರಿಯಲು ಸುಮಾರು 13 ಘನಮೀಟರ್ ಗಾಳಿ ಬೇಕು. ಗಂಟೆಗೆ ಒಂದು ಕಿಲೋದಷ್ಟು ಅನಿಲ ಸುಡುವ ಗೀಸರ್ ಹತ್ತೇ ನಿಮಿಷದಲ್ಲಿ ಆ ಗೂಡಿನ ಗಾಳಿಯ ಮೂರನೆಯ ಒಂದು ಭಾಗಕ್ಕೆ ಸಮೀಪದಷ್ಟನ್ನು ಬಳಸಿಬಿಡುತ್ತದೆ. ಆಮ್ಲಜನಕ ಕುಗ್ಗಿದಂತೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಹೊರಬಾರದೆ ಬಾಗಿಲು ಒಡೆಯಬೇಕಾಗಿ ಬಂದ ಸುದ್ದಿಗಳು ರಾಜ್ಯದ ಪತ್ರಿಕೆಗಳಲ್ಲಿ ಮರುಕಳಿಸುತ್ತಲೇ ಇವೆ.

ಇದುವರೆಗೆ ಎಷ್ಟೋ ಕುಟುಂಬಗಳನ್ನು ಕಾಪಾಡಿರುವುದು ಬಚ್ಚಲಿನ ವೆಂಟಿಲೇಟರಿನ ಗಾಜಿನ ಪಟ್ಟಿಗಳ ನಡುವಿನ ಸಂದು, ಬಾಗಿಲಿನ ಅಡಿಯ ಸಂದು. ಮೇಸ್ತ್ರಿಯ ಅಜಾಗರೂಕತೆಯೇ ರಕ್ಷಣೆಯಾಗಿತ್ತು ಎಂದರೂ ತಪ್ಪಿಲ್ಲ. ಅವನ್ನು ರಬ್ಬರಿನಿಂದ ಬಿಗಿಮಾಡಿ ಹಣ ಪಡೆದು ಹೋಗುವ ವರ್ತಕರು ತಮಗೆ ತಿಳಿಯದೆ ದೊಡ್ಡ ಹೊಣೆಯನ್ನು ಹೊತ್ತುಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಗಂಟೆಗೆ 1,000 ಘನಮೀಟರ್ ಮೀರಿದ ಸಾಮರ್ಥ್ಯದ ವಿದ್ಯುತ್ ಚಿಮಣಿ ಇರುವ ಮನೆಯಲ್ಲಿ ಅಪಾಯ ಇನ್ನೂ ಹೆಚ್ಚು. ಉಳಿದ ಸಂದುಗಳೆಲ್ಲ ಮುಚ್ಚಿದ ಮೇಲೆ ಆ ಚಿಮಣಿ ಬಚ್ಚಲಿನ ಕಡೆಯಿಂದಲೇ ಗಾಳಿಯನ್ನು ಸೆಳೆಯುತ್ತದೆ. ಗೀಸರ್‌ನ ಹೊಗೆ ಹೊರಹೋಗುವ ಬದಲು ಮನೆಯೊಳಕ್ಕೆ ಬರುತ್ತದೆ. ಗ್ಯಾಸ್ ಗೀಸರನ್ನು ಬಚ್ಚಲಿನಿಂದ ತೆಗೆಸಿ ಹೊರಗಿನ ಬಯಲು ಗೋಡೆಗೆ ಹಾಕಿಸದ ಹೊರತು ಆ ಮನೆಯಲ್ಲಿ ಸಂದು ಮುಚ್ಚುವ ಕೆಲಸವನ್ನೇ ಒಪ್ಪಿಕೊಳ್ಳಬಾರದು. ಗ್ರಾಹಕ ಒಪ್ಪದಿದ್ದರೆ ಆರ್ಡರ್ ಬಿಟ್ಟುಕೊಡುವುದೇ ವಿವೇಕ. ಮಲಗುವ ಕೋಣೆಗೂ ಹೊರಗಿನ ಗಾಳಿಗೆ ತೆರೆದು ಮುಚ್ಚಬಹುದಾದ ಒಂದು ಸಣ್ಣ ದಾರಿ ಬೇಕು; ಮನೆಗಳಲ್ಲಿ ಹಾಕಿಸುವ ಸಾಮಾನ್ಯ ಸ್ಪ್ಲಿಟ್ ಯಂತ್ರವು ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ.

ಸರಕಾರದ ನಿಯಮ ಬರಲಿ ಎಂದು ಕಾಯುವುದರಲ್ಲಿ ಪ್ರಯೋಜನವಿಲ್ಲ. ಕೇಂದ್ರವು 2018ರಲ್ಲಿ ಹೊರಡಿಸಿದ ಇಕೋ ನಿವಾಸ್ ಸಂಹಿತೆಯು ಛಾವಣಿಯ ಶಾಖಪ್ರವಾಹಕ್ಕೆ ಚದರ ಮೀಟರಿಗೆ, ಡಿಗ್ರಿಗೆ 1.2 ವ್ಯಾಟ್‌ಗಳ ಮಿತಿಯನ್ನು ಹಾಕಿತು. ಮೇಲೆ ಹೇಳಿದ ಒಂದು ಇಂಚಿನ ಹಲಗೆ ಆ ಮಿತಿಯೊಳಗೆ ಬರುತ್ತದೆ. ಆದರೆ ಅದು ಅನ್ವಯವಾದದ್ದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ. ಮೂವತ್ತು-ನಲವತ್ತರ ನಿವೇಶನ 111 ಚದರ ಮೀಟರ್ ಮಾತ್ರ. ಅತ್ತ, 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲೂ ಹವಾನಿಯಂತ್ರಕದ ಮೇಲೂ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಕಾಂಕ್ರೀಟೂ ಅಗ್ಗ, ಅದು ಕಾದಾಗ ತಣಿಸುವ ಯಂತ್ರವೂ ಅಗ್ಗ.

ನಗರಗಳಲ್ಲಿ ಇನ್ನೊಂದು ತೊಡಕಿದೆ. ಮಾಲೀಕರು ಕೆಳಗಿದ್ದು ಮೇಲಿನ ಮಹಡಿಗಳನ್ನು ಬಾಡಿಗೆಗೆ ಕೊಡುವ ಮನೆಗಳಲ್ಲಿ ತಾರಸಿಗೆ ಖರ್ಚು ಮಾಡಬೇಕಾದವರು ಮಾಲೀಕರು, ಸೆಖೆ ಅನುಭವಿಸುವವನು ಬಾಡಿಗೆದಾರ. ಮಾಲೀಕರ ಪಾಲಿಗೆ ಮೇಲಿನ ಮಹಡಿಯ ಬಾಡಿಗೆದಾರನೇ ಶಾಖನಿರೋಧಕ. ಇಂಥವರಿಗೆ ನಿದ್ದೆಯ ಮಾತು ತಾಕುವುದಿಲ್ಲ. ಹೊರಮೈಯ ಹಲಗೆ ಸ್ಲ್ಯಾಬನ್ನು ಹಗಲಿನ ಕಾವು, ರಾತ್ರಿಯ ತಂಪುಗಳ ಎಳೆದಾಟದಿಂದ ಕಾಪಾಡುವುದರಿಂದ ಬಿರುಕು ಮತ್ತು ಮಳೆಗಾಲದ ಸೋರಿಕೆ ಕಡಿಮೆಯಾಗುತ್ತವೆ ಎಂಬ ಮಾತು ತಾಕುತ್ತದೆ. ಅದು ನಿಜವೂ ಹೌದು.

ಹಾಗಾದರೆ ಮಾಡಬೇಕಾದುದೇನು? ಕಿಟಕಿ ತಯಾರಕರು ದರಪಟ್ಟಿಯಲ್ಲಿ ಚದರಡಿಯ ದರದ ಜೊತೆಗೆ ಚೌಕಟ್ಟಿನ ಸುತ್ತಣ ಸಂದು ತುಂಬುವ ಕೆಲಸವನ್ನು ಪ್ರತ್ಯೇಕ ಬಾಬಾಗಿ, ಪ್ರತ್ಯೇಕ ಬೆಲೆಯೊಡನೆ ನಮೂದಿಸಬೇಕು. ಬಿಲ್ಲಿನಲ್ಲಿ ಹೆಸರು ಬಂದ ಕೆಲಸಕ್ಕೆ ಹೊಣೆಗಾರರು ಇರುತ್ತಾರೆ. ಹವಾನಿಯಂತ್ರಕದ ಅಂಗಡಿಯಲ್ಲಿ ಟನ್ನಿನ ಮಾತಿಗೆ ಮೊದಲು ತಾರಸಿಯ ಮಾತು ಬರಬೇಕು. ದೊಡ್ಡ ಯಂತ್ರದ ಬದಲು ಚಿಕ್ಕದನ್ನು ಮಾರಿದರೆ ಲಾಭ ಕುಗ್ಗುವುದಿಲ್ಲವೇ ಎಂಬ ಆಕ್ಷೇಪಣೆ ಸಹಜ. ಯಂತ್ರದ ಬೆಲೆಯಲ್ಲಿ ಆನ್‌ಲೈನ್ ಮಾರಾಟಗಾರರೊಡನೆ ಸೆಣಸಿ ಗೆಲ್ಲುವುದು ಸ್ಥಳೀಯ ಅಂಗಡಿಗೆ ಹೇಗೂ ಆಗದ ಮಾತು. ತಾರಸಿಯ ಮೇಲೆ ಹಲಗೆ ಹಾಸಿಸಿ, ಬಾಗಿಲಿಗೆ ರಬ್ಬರ್ ಹಾಕಿಸಿಕೊಡುವ ಕೆಲಸವನ್ನು ಮಾತ್ರ ಯಾವ ಆನ್‌ಲೈನ್ ಅಂಗಡಿಯೂ ಡಬ್ಬದಲ್ಲಿ ಕಳುಹಿಸಲಾರದು.

ತಯಾರಕರಿಗೂ ಕೆಲಸವಿದೆ. ಹವಾನಿಯಂತ್ರಕದ ಕೊಳವೆಗೆಂದು ಗೋಡೆಯಲ್ಲಿ ಕೊರೆಯುವ ಮೂರಿಂಚಿನ ತೂತಿಗೆ ಪುಟ್ಟಿ ಮೆತ್ತಿ ಹೋಗುತ್ತಾರೆ, ಅದು ಉದುರಿ ಹಲ್ಲಿ-ಜಿರಳೆಗಳಿಗೆ ದಾರಿಯಾಗುತ್ತದೆ. ಮುಚ್ಚಳವಿರುವ ಒಂದು ಪಿವಿಸಿ ತೋಳು ಇದಕ್ಕೆ ಸಾಕು. ಬಾಗಿಲು ಮುಚ್ಚಿದಾಗ ತಾನಾಗಿ ನೆಲಕ್ಕಿಳಿಯುವ ಅಡಿಪಟ್ಟಿ, ಇಲ್ಲಿನ ಸಾಲ್ ಮರದ ಚೌಕಟ್ಟಿನ ಅಳತೆಗೆ ಹೊಂದುವ ರಬ್ಬರ್ ಪಟ್ಟಿ, ಮೇಲೆ ಹೇಳಿದ ಹೆಡ್‌ರೂಮಿನ ಗವಾಕ್ಷಿ, ಇವೆಲ್ಲ ಸಣ್ಣ ಘಟಕಗಳ ಅಳವಿಗೆ ನಿಲುಕುವ ವಸ್ತುಗಳು.

ವಾಣಿಜ್ಯ ಸಂಸ್ಥೆಯೂ ಒಂದು ಕೆಲಸ ಮಾಡಬಹುದು. ಗಾಳಿ ಒತ್ತಡದ ಪರೀಕ್ಷೆಯ ಯಂತ್ರವನ್ನು ಒಬ್ಬೊಬ್ಬ ಫ್ಯಾಬ್ರಿಕೇಟರ್ ಕೊಳ್ಳುವುದು ಆಗದ ಮಾತು. ಸದಸ್ಯರೆಲ್ಲರ ಪರವಾಗಿ ಒಂದನ್ನು ತರಿಸಿ ದಿನಬಾಡಿಗೆಗೆ ಕೊಟ್ಟರೆ ಕೆಲಸದ ಮೊದಲು ಎಷ್ಟಿತ್ತು, ಅನಂತರ ಎಷ್ಟಾಯಿತು ಎಂಬುದನ್ನು ಗ್ರಾಹಕನ ಕಣ್ಣೆದುರೇ ತೋರಿಸಬಹುದು. ಅಲ್ಲಿಯವರೆಗೆ ಊದುಬತ್ತಿ ಇದ್ದೇ ಇದೆ. ಗೀಸರೂ ಒಲೆಯೂ ಆರಿರುವಾಗ ಕಿಟಕಿಗಳನ್ನು ಮುಚ್ಚಿ, ಅಡುಗೆಮನೆಯ ಚಿಮಣಿಯನ್ನು ಪೂರ್ಣ ವೇಗದಲ್ಲಿ ಓಡಿಸಿ, ಹೊತ್ತಿಸಿದ ಊದುಬತ್ತಿಯನ್ನು ಚೌಕಟ್ಟುಗಳ ಅಂಚಿನುದ್ದಕ್ಕೂ ಹಿಡಿದರೆ ಹೊಗೆ ಬಾಗಿದ ಕಡೆಯೆಲ್ಲ ಸಂದು ಇದೆ ಎಂದರ್ಥ. ಮೇಸ್ತ್ರಿಗಳಿಗೆ ಒಂದು ದಿನದ ತರಬೇತಿಯಲ್ಲಿ ಇಷ್ಟನ್ನು ಕಲಿಸಲು ಸಾಧ್ಯ. ಮುಚ್ಚಬಾರದ ಸಂದುಗಳು ಯಾವುವು ಎಂಬುದೇ ಆ ತರಬೇತಿಯ ಮೊದಲ ಪಾಠವಾಗಿರಬೇಕು.

ತಾರಸಿಯ ಕೆಲಸಕ್ಕೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಒಣ ಹವೆ ಪ್ರಶಸ್ತವಾದುದು. ಗ್ರಾಹಕರು ಅಂಗಡಿಗೆ ಬರುವುದು ಏಪ್ರಿಲ್‌ನಲ್ಲಿ, ಸೆಖೆ ತಡೆಯಲಾರದೆ. ಆಗ ಅವರು ಕೇಳುವುದು ಯಂತ್ರವನ್ನೇ. ಹಲಗೆ, ರಬ್ಬರುಗಳ ದಾಸ್ತಾನನ್ನೂ ಮೇಸ್ತ್ರಿಗಳ ತರಬೇತಿಯನ್ನೂ ಡಿಸೆಂಬರ್‌ನೊಳಗೆ ಮುಗಿಸಿಕೊಂಡು, ಹೊಸ ವರ್ಷದ ಕ್ಯಾಲೆಂಡರ್ ಕೊಡುವ ನೆಪದಲ್ಲಿಯೇ ಹಳೆಯ ಗ್ರಾಹಕರ ಬಳಿ ಈ ಮಾತನ್ನು ಎತ್ತಿದವರಿಗೆ ಆರ್ಡರ್ ಸಿಗುವ ಸಂಭವ ಹೆಚ್ಚು.